ಮಸ್ಕಿಯ ಪೇಂಟರ್ ಕಾಕಾ ಮತ್ತು ನನ್ನ ಬಿಳಿ ಪುಸ್ತಕ

“ಇದರಾಗ ಎಷ್ಟು ಮಂದಿ ಸಾಯ್ತಾರ್ರಿ ಅಕ್ಕೋರ?”

ನನ್ನ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಕೈಗೆ ತೆಗೆದುಕೊಂಡ ಪೇಂಟರ್ ಕಾಕಾ ಕೇಳಿದ ಮೊದಲ ಮಾತು ಅದು. ಹಾಳೆಗಳ ಕಟ್ಟನ್ನು ಸಂತೆಯಲ್ಲಿ ಕುಂಬಳಕಾಯಿ ತೂಗುವಂತೆ ಅಂಗೈಯಲ್ಲಿ ತೂಗಿ ನೋಡುತ್ತಿದ್ದರು.

“ಯಾರೂ ಸಾಯಂಗಿಲ್ರಿ ಕಾಕಾ. ಒಂದು ಹುಡುಗಿ ಕಾಣದಂಗ ಆಗ್ತಾಳ.”

“ಹಂಗಿದ್ರ ಓದಬೇಕಾತು. ಸಾಯೋ ಕತಿ ಆಗಿದ್ರ ರಟ್ಟಿನ ಮ್ಯಾಲೆ ಒಂದು ಬುರುಡಿ ಚಿತ್ರ ತೆಗದು ಕೊಡ್ತಿದ್ದೆ. ಓದೋ ಜರೂರತ್ ಇರ್ತಿರಲಿಲ್ಲ.”

ಮಸ್ಕಿಯ ಬಸ್‌ಸ್ಟ್ಯಾಂಡಿನ ಹಿಂದೆ, ಸೈಕಲ್ ರಿಪೇರಿ ಅಂಗಡಿಯ ಪಕ್ಕದಲ್ಲಿ ಅವರದೊಂದು ತಗಡಿನ ಅಂಗಡಿ ಇತ್ತು. ನಲವತ್ತು ವರ್ಷ ಗೋಡೆ ಮೇಲೆ ಅಕ್ಷರ ಬರೆದ ಮನುಷ್ಯ. ಹಣೆಗೆ ವಿಭೂತಿ, ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಬಣ್ಣ, ಕನ್ನಡಕಕ್ಕೆ ದಾರ. ತಾಲ್ಲೂಕಿನ ಅರ್ಧ ಗೋಡೆಗಳ ಮೇಲೆ ಅವರ ಕೈಬರಹವಿತ್ತು, ಆದರೆ ಯಾವ ಗೋಡೆಯ ಮೂಲೆಯಲ್ಲೂ ಅವರ ಹೆಸರಿರಲಿಲ್ಲ. ಊರಿನವರೂ ಅವರನ್ನು ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ. ಹಾಗಾಗಿ ಇಲ್ಲೂ ಅವರು ಪೇಂಟರ್ ಕಾಕಾ ಆಗಿಯೇ ಇರಲಿ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಮಧ್ಯಾಹ್ನ ಉಂಡು ಅಡ್ಡಾದವರು ಮತ್ತೆ ಏಳಲಿಲ್ಲ. ಅವರಿಗೆ ಒಪ್ಪುವ ಸಾವೇ ಅದು. ಯಾವ ಗಡಿಬಿಡಿಯೂ ಇರಲಿಲ್ಲ.

ನಾನು ಮುದಗಲ್ಲಿನವಳು, ಲಿಂಗಸುಗೂರಿನಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಶಾಲೆಯ ಕಪಾಟಿನಲ್ಲಿ ಹದಿನಾಲ್ಕು ಹದಿನೈದರ ಮಕ್ಕಳಿಗೆಂದು ಇದ್ದ ಪುಸ್ತಕಗಳೆಲ್ಲ ಬುದ್ಧಿ ಹೇಳುವಂಥವು. ಮಕ್ಕಳಿಗೋ ಹೆದರಿಸುವ ಕಥೆ ಬೇಕಿತ್ತು. “ಟೀಚರ್, ಮುಂದೇನಾಕ್ಕೈತಿ ಅಂತ ನಿದ್ದಿ ಬರಬಾರದ್ರಿ, ಅಂಥಾದ್ದು ಕೊಡ್ರಿ” ಎನ್ನುತ್ತಿದ್ದರು. ಒಂದು ಬೇಸಿಗೆ ರಜೆಯಲ್ಲಿ ನಾನೇ ಬರೆಯಲು ಕುಳಿತೆ. ಎಲ್ಲವೂ ಸರಿಯಾಗಿರುವ ಒಂದು ಊರು. ಬೀದಿಯಲ್ಲಿ ಕಸವಿಲ್ಲ, ಮನೆಗೆ ಬೀಗವಿಲ್ಲ, ಜಗಳವಿಲ್ಲ, ಠಾಣೆಯಲ್ಲಿ ಒಂದು ಕೇಸಿಲ್ಲ. ಆದರೆ ಪ್ರತಿ ವರ್ಷ ಶಾಲೆಯ ಹಾಜರಿಯಿಂದ ಒಂದು ಹುಡುಗಿಯ ಹೆಸರು ಮಾಯವಾಗುತ್ತದೆ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಇಷ್ಟು ಕಥೆ. ಸಿಂಧನೂರಿನ ಒಂದು ಸಣ್ಣ ಪ್ರೆಸ್ಸಿನವರು ಅಚ್ಚು ಹಾಕಲು ಒಪ್ಪಿ, ಮುಖಪುಟಕ್ಕೆ ಇವರ ಬಳಿ ಕಳಿಸಿದ್ದರು.

ಮೂರು ವಾರ ಕಳೆದು ಹೋದೆ. ಚಿತ್ರ ಆಗಿರಲಿಲ್ಲ. ಕಾಕಾ ಸ್ಟೂಲು ಎಳೆದು ಕೂರಿಸಿ, ಪಕ್ಕದ ಹೋಟೆಲಿಗೆ ಚಹಾ ಹೇಳಿ, ಹಾಳೆಗಳನ್ನು ತೊಡೆ ಮೇಲಿಟ್ಟುಕೊಂಡರು.

“ನಿಮ್ಮ ಊರಾಗ ಸುಣ್ಣ ಯಾರ ಹಚ್ಚತಾರ್ರಿ?”

“ಅಂದ್ರ?”

“ಎಲ್ಲಾ ಮನಿ ಬೆಳ್ಳಗ ಅದಾವು ಅಂತ ಬರದೀರಿ. ಗಟಾರ ಸ್ವಚ್ಛ ಐತಿ. ಸುಣ್ಣ ಹಚ್ಚಾವ ಯಾವ, ಗಟಾರ ಬಳಿಯಾಕಿ ಯಾಕಿ? ಪುಸ್ತಕ ಪೂರಾ ಹುಡುಕಿದೆ, ಒಬ್ರೂ ಸಿಗಲಿಲ್ಲ. ಊರು ಚಂದ ಕಾಣತೈತಿ ಅಂದ್ರ ಯಾರೋ ದುಡಿಯಾಕತ್ತಾರ ಅಂತ ಅರ್ಥ. ಊರಿನ ಗುಟ್ಟು ಅವರಿಗೇ ಮೊದಲ ಗೊತ್ತಿರತೈತಿ.”

ನಾನು ಪೆನ್ನು ತೆಗೆದೆ. ನನ್ನ ಕಥಾನಾಯಕಿಗೆ ಸುಣ್ಣ ಹಚ್ಚುವವನ ಮಗಳು ಗೆಳತಿಯಾಗಿ ಬಂದದ್ದು ಆ ಚಹಾದ ಹೊತ್ತಿಗೆ. ಕೊನೆಗೆ ಪುಸ್ತಕದಲ್ಲಿ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಇಷ್ಟವಾದವಳು ಅವಳೇ.

ಎರಡನೆಯ ತಕರಾರು ಖಳನ ಬಗ್ಗೆ. ನಾನು ಅವನಿಗೆ ದಪ್ಪ ಮೀಸೆ, ಕೆಂಪು ಕಣ್ಣು, ಕತ್ತಲು ಕೋಣೆ ಕೊಟ್ಟಿದ್ದೆ. ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

“ಇಂಥಾವನ್ನ ನಾ ಇನ್ನೂ ನೋಡಿಲ್ರಿ. ನಾ ನೋಡಿದಾವ್ರು ಛಲೋ ಮಂದಿ. ಬಿಸಲಾಗ ನಿಂತೀಯಪಾ ಅಂತ ಮಜ್ಜಿಗಿ ಕೊಟ್ಟಾರ, ನಿನ್ನ ಮಕ್ಕಳು ಏನು ಓದ್ಯಾರ ಅಂತ ಕೇಳ್ಯಾರ. ನಿಮ್ಮವನ ಮೀಸಿ ತೆಗೀರಿ. ಮಜ್ಜಿಗಿ ಕೊಡಸ್ರಿ.”

ಅವರು ಅಕ್ಷರದ ಮನುಷ್ಯರಾಗಿದ್ದರೂ ಅಕ್ಷರವನ್ನು ಅಷ್ಟಾಗಿ ನಂಬುತ್ತಿರಲಿಲ್ಲ. ಒಮ್ಮೆ ಒಂದೂರಲ್ಲಿ ‘ಬಯಲು ಬಹಿರ್ದೆಸೆ ಮುಕ್ತ ಗ್ರಾಮ’ ಎಂದು ಬರೆಯುತ್ತಿದ್ದರಂತೆ. ನಸುಕಿನಲ್ಲಿ ಒಬ್ಬ ಮುದುಕ ಚರಿಗೆ ಹಿಡಿದು ಬಂದು ನಿಂತು, ಒಂದೊಂದೇ ಅಕ್ಷರ ಕೂಡಿಸಿ ಓದಿ, “ಛಲೋ ಬರದಿ ನೋಡಪಾ” ಎಂದು ಹೊಗಳಿ, ಅದೇ ಗೋಡೆಯ ಹಿಂದೆ ಹೋಗಿ ಕುಳಿತನಂತೆ. “ಅವಗ ಏನಂತ ಹೇಳ್ಲಿ ಅಕ್ಕೋರ? ನಾ ‘ಮುಕ್ತ’ದ ಒತ್ತಕ್ಷರ ತಿದ್ದಕೋಂತ ನಿಂತೆ” ಎಂದು ನಗುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಪೇಟೆಯ ಬೋರ್ಡುಗಳ ಕೆಲಸ ನಿಂತುಹೋಗಿತ್ತು. ಉಳಿದದ್ದು ಹಳ್ಳಿಯ ಗೋಡೆಗಳು: ಪಂಚಾಯ್ತಿಯ ಘೋಷಣೆಗಳು, ಶಾಲೆಯ ಮಗ್ಗಿ, ಮದುವೆ ಮನೆಯ ಮುಂಗೋಡೆಯ ಬಾಳೆಗಿಡ, ಕಳಸ, ವಧೂವರರ ಹೆಸರು. ನೀಲಿಪುಡಿಯಲ್ಲಿ ಹೊರಳಿಸಿದ ದಾರವನ್ನು ಗೋಡೆಗೆ ಬಿಗಿಹಿಡಿದು ಟಪ್ಪೆಂದು ಬಿಟ್ಟು ಗೆರೆ ಮೂಡಿಸುವಾಗ ಅವರ ಮುಖ ನೋಡಬೇಕಿತ್ತು. ಗೆರೆ ನೆಟ್ಟಗೆ ಬಿದ್ದರೆ ಆ ದಿನ ಪೂರ್ತಿ ಖುಷಿ.

ಮೂರನೆಯ ತಕರಾರು ಅವರದಲ್ಲ. ಹಸ್ತಪ್ರತಿಯ ಕೊನೆಯ ಪುಟದ ಕೆಳಗೆ ಪೆನ್ಸಿಲಿನಲ್ಲಿ, ದುಂಡಗಿನ ಅಕ್ಷರದಲ್ಲಿ ಒಂದು ಸಾಲಿತ್ತು: ‘ಜೀಪನ್ನು ಕರೆದವರು ಯಾರು?’

ನನ್ನ ಕಥೆಯ ಕೊನೆಯಲ್ಲಿ ಪೊಲೀಸ್ ಜೀಪು ಬರುತ್ತಿತ್ತು. ಹುಡುಗಿ ಸಿಗುತ್ತಿದ್ದಳು, ದುಷ್ಟರು ಜೀಪು ಹತ್ತುತ್ತಿದ್ದರು, ಮುಗಿಯಿತು.

“ಯಾರು ಬರದಾರ್ರಿ ಇದನ್ನ?” ಎಂದೆ. ಸ್ವಲ್ಪ ಸಿಟ್ಟೇ ಬಂದಿತ್ತು.

“ಆ ಕಾಲುವಿ ಕಡೆ ಊರಾಗ ಒಂದು ಹುಡುಗಿ ಅದಾಳ್ರಿ. ನಾ ಗ್ವಾಡಿ ಬರಿಯಾಕತ್ರ ಮುಂದಿನ ಅಕ್ಷರ ಯಾವುದು ಅಂತ ನಾ ಬರಿಯೋಕ್ಕಿಂತ ಮೊದಲ ಹೇಳತಾಳ. ಒಂಬತ್ತನೇತ್ತ. ನಿಮ್ಮ ಪುಸ್ತಕ ಆ ವಯಸ್ಸಿನಾವರಿಗೆ ಅಲ್ರಿ? ಎರಡು ದಿನ ಕೊಟ್ಟಿದ್ದೆ. ಎಲ್ಲಾ ಛಲೋ ಐತಿ, ಕಡೀಕ ಸುಳ್ಳು ಐತಿ ಅಂದ್ಲು. ನಮ್ಮೂರಾಗ ಜೀಪು ತಾನಾಗಿ ಬರಂಗಿಲ್ಲ ಅಂದ್ಲು.”

ಆ ಊರಿನ ಹೆಸರು ಬರೆಯುವುದಿಲ್ಲ. ಹುಡುಗಿಯ ಹೆಸರನ್ನೂ ಬದಲಿಸಿ ರೇಣುಕಾ ಎಂದು ಕರೆಯುತ್ತೇನೆ. ಆ ಊರನ್ನು ನೋಡಲು ಬೇರೆ ಊರುಗಳಿಂದ ಜನರನ್ನು ಕರೆತರುತ್ತಿದ್ದರು. ಭತ್ತದ ಗದ್ದೆಗಳ ನಡುವೆ ನೆಟ್ಟಗಿನ ಬೀದಿಗಳು, ಒಂದೇ ಬಣ್ಣದ ಬಾಗಿಲುಗಳು, ಮನೆ ಮುಂದೆ ಚೆಂಡುಹೂವು, ಸಾರಾಯಿ ಅಂಗಡಿ ಇಲ್ಲ. ಇಷ್ಟನ್ನೂ ಮಾಡಿಸಿದವರು ರೇಣುಕಾಳ ಅಜ್ಜ. ಊರೆಲ್ಲ ಅವರನ್ನು ಗೌಡ್ರು ಎನ್ನುತ್ತಿತ್ತು. ಊರಿಗೆ ಕುಡಿಯುವ ನೀರು ತಂದವರು, ಶಾಲೆಗೆ ಜಾಗ ಕೊಟ್ಟವರು. ಅವರ ಮಾತಿಗೆ ಆ ಊರಲ್ಲಿ ಎದುರುಮಾತು ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಕಾಕಾ ಫೋನ್ ಮಾಡಿದರು. ಅವರು ಫೋನಿನಲ್ಲಿ ಯಾವಾಗಲೂ ದೂರದ ಹೊಲದವರನ್ನು ಕೂಗುವಂತೆ ಮಾತಾಡುತ್ತಿದ್ದರು. ಅವತ್ತು ಧ್ವನಿ ಸಣ್ಣದಾಗಿತ್ತು.

“ಅಕ್ಕೋರ, ಆ ಊರಾಗ ಎರಡು ಕೆಲಸ ಬಂದಾವ. ಊರಿಗೆ ಅವಾರ್ಡ್ ಕೊಡಾಕ ಸಾಹೇಬ್ರು ಬರಾವ್ರ ಅದಾರಂತ. ಊರ ಹೆಬ್ಬಾಗಿಲ ಗ್ವಾಡಿಗೆ ‘ಬಾಲ್ಯವಿವಾಹ ಮುಕ್ತ ಗ್ರಾಮ’ ಅಂತ ಬರಿ ಅಂದ್ರು, ಅದನ್ನ ನಿನ್ನೆ ಬರದು ಬಂದೆ. ಇವತ್ತು ಗೌಡ್ರ ಮನೀ ಲಗ್ನದ ಗ್ವಾಡಿ. ಹೆಣ್ಣು ಯಾರಂತ ಕೇಳಿದೆ. ಜೀಪು ಯಾರ ಕರದ್ರು ಅಂತ ಕೇಳಿದ್ಲಲ್ಲ, ಆಕೀನ.”

ಮಸ್ಕಿಗೆ ಹೋಗಿ, ಅಲ್ಲಿಂದ ಅವರ ಜೊತೆ ಸಿಂಧನೂರ ಬಸ್ಸು ಹತ್ತಿದೆ. ಕಾಕಾ ಬಣ್ಣದ ಡಬ್ಬಿಗಳ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಕಿಟಕಿಯ ಪಕ್ಕ ಕುಳಿತಿದ್ದರು.

“ಮಕ್ಕಳ ಸಹಾಯವಾಣಿಗೆ ಫೋನ್ ಮಾಡ್ಲೇನ್ರಿ?” ಎಂದೆ. ಕೇಳಬೇಕಾದ ಪ್ರಶ್ನೆಯೇ ಅಲ್ಲ ಅದು. ನಾನು ಟೀಚರ್, ಮಾಡಲೇಬೇಕಿತ್ತು. ಆದರೂ ಕೇಳಿದೆ, ಹೆದರಿಕೆಗೆ.

“ಮಾಡ್ರಿ. ಪುಸ್ತಕದಾಗ ಮಾಡಿಲ್ಲ, ಇಲ್ಲೆರ ಮಾಡ್ರಿ.”

ಬಸ್ಸಿನ ಸದ್ದಿನಲ್ಲಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡಿದೆ. ನಾಳೆ ಬೆಳಿಗ್ಗೆ ಅಧಿಕಾರಿ ಬರುತ್ತಾರೆ ಎಂದು ಆ ಕಡೆಯ ಹೆಣ್ಣುಮಗಳು ಹೇಳಿದಳು. ಫೋನನ್ನು ಚೀಲಕ್ಕೆ ಹಾಕಿದೆ.

“ಹಂಗಾರ ವಾಪಸ್ ಹೋಗೋಣೇನ್ರಿ ಕಾಕಾ? ನಾಳೆ ಅವ್ರು ಬರ್ತಾರಲ್ಲ.”

“ಅವ್ರು ಬರ್ತಾರ, ಹೋಗ್ತಾರ. ಹುಡುಗಿ ಅದ ಮನ್ಯಾಗ ಇರಬೇಕಲ್ರಿ. ಬ್ಯಾಡ ಅನ್ನೋದು ಮನಿಯಾವ್ರ ಬಾಯಿಂದ ಒಂದಿಷ್ಟರ ಬಂದ್ರ ಛಲೋ. ನಾ ನನ್ನ ಕೆಲಸ ಮಾಡತೀನಿ. ನೀವು ಸುಮ್ಮ ಕುಂತು ನೋಡ್ರಿ.”

ಗೌಡರ ಮನೆ ಊರ ಹೆಬ್ಬಾಗಿಲಿಗೆ ಎದುರೇ ಇತ್ತು. ಹಿಂದಿನ ದಿನ ಬರೆದ ಹಸಿರು ಅಕ್ಷರಗಳು ರಸ್ತೆಯ ಆಚೆ ಹೊಳೆಯುತ್ತಿದ್ದವು. ಗೌಡರು ತಾವೇ ಹೊರಗೆ ಬಂದು ನನಗೆ ಬೇವಿನ ಮರದ ಕಟ್ಟೆ ಮೇಲೆ ಕಂಬಳಿ ಹಾಸಿಸಿದರು. ಯಾವ ಶಾಲೆ, ಯಾವ ಊರು ಎಂದು ವಿಚಾರಿಸಿ, ಮುದಗಲ್ಲಿನ ಕೋಟೆ ನೋಡಿ ಬಹಳ ದಿನವಾಯಿತು ಎಂದರು. ಮಜ್ಜಿಗೆ ಕೊಡಿಸಿದರು. ತಂದವಳು ರೇಣುಕಾ. ಎರಡು ಜಡೆ, ಶಾಲೆಯ ರಿಬ್ಬನ್. ಕಾಕಾನನ್ನು ನೋಡಿದಳು, ನನ್ನನ್ನು ನೋಡಿದಳು, ಲೋಟ ಇಟ್ಟು ಒಳಗೆ ಹೋದಳು. ಮಜ್ಜಿಗೆಯನ್ನು ನಾನು ಮುಟ್ಟದೆ ಪಕ್ಕಕ್ಕೆ ಸರಿಸಿದೆ.

“ಹುಡುಗನ ಹೆಸರಿನ ಮುಂದ ಬಿ.ಎ. ಅಂತ ಹಾಕು. ಅವರ ಮಂದಿ ನೋಡ್ಲಿ” ಎಂದರು ಗೌಡರು.

“ಆತ್ರಿ. ಹುಡುಗೀದು?”

“ಅದರದೇನ ಹಾಕ್ತಿ? ಹೆಸರು ಸಾಕು.”

“ಎರಡೂ ಸಾಲು ಸಮ ಇದ್ರ ಚಂದ ಕಾಣತೈತ್ರಿ ಗೌಡ್ರ.”

“ನಿನಗ ತಿಳಿದಂಗ ಮಾಡಪಾ. ಚಂದ ಕಾಣಬೇಕಷ್ಟ” ಎಂದು ಅವರು ಗದ್ದೆಗೆ ನೀರು ತಿರುವಿದ್ದನ್ನು ನೋಡಲು ಹೋದರು.

ಕಾಕಾ ದಾರ ಬಿಗಿಹಿಡಿದು ಬಿಟ್ಟರು. ಗೆರೆ ನೆಟ್ಟಗೆ ಬಿತ್ತು. ಮೊದಲು ಬಾಳೆಗಿಡ, ಆಮೇಲೆ ಕಳಸ, ‘ಶುಭವಿವಾಹ’. ಎಡಗಡೆ ವರನ ಹೆಸರು, ಮುಂದೆ ಬಿ.ಎ. ಬಲಗಡೆ ‘ಕು. ರೇಣುಕಾ’. ಅದರ ಮುಂದೆ, ಅಷ್ಟೇ ಗಾತ್ರದಲ್ಲಿ, ಅಷ್ಟೇ ಕೆಂಪಿನಲ್ಲಿ, ‘೯ನೇ ತರಗತಿ’.

ಎರಡೂ ಸಾಲು ಸಮ ಆಗಿದ್ದವು.

ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಅವರು ನನ್ನ ಪಕ್ಕ ಬಂದು ಕುಳಿತರು. ಹೊರಡಲಿಲ್ಲ. ಮಧ್ಯಾಹ್ನದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಮನೆಯ ಗೋಡೆಯನ್ನು ಜೋರಾಗಿಯೇ ಓದಿದ. ಆಮೇಲೆ ತಿರುಗಿ ಹೆಬ್ಬಾಗಿಲನ್ನು ಓದಿದ. ಅವನಿಗೆ ಏನೂ ಹೇಳಬೇಕೆಂದಿರಲಿಲ್ಲ. ಬಸ್ಸಿನವರು ಓದುವುದು ಹಾಗೇ. ಆದರೆ ಇಳಿದವರು, ಕಟ್ಟೆ ಮೇಲಿದ್ದವರು, ನೀರಿಗೆ ಬಂದ ಹೆಣ್ಣುಮಕ್ಕಳು ಎಲ್ಲರ ಕತ್ತೂ ಈ ಗೋಡೆಯಿಂದ ಆ ಗೋಡೆಗೆ ತಿರುಗಿತು.

ಗೌಡರು ಬಂದಾಗ ಹತ್ತಿಪ್ಪತ್ತು ಜನ ನಿಂತಿದ್ದರು. ಅವರು ಚಪ್ಪಲಿಯ ಕೆಸರು ಕೆರೆಯುತ್ತಲೇ ಗೋಡೆ ನೋಡಿದರು. ಬಹಳ ಹೊತ್ತು ನೋಡಿದರು.

“ಏನು ಬರದಿ ಇದು?”

“ಖರೇನ ಬರದೀನ್ರಿ. ತಪ್ಪಿದ್ರ ಹೇಳ್ರಿ.”

“ಅಳಸು.”

“ಯಾವುದನ್ನ ಅಳಸ್ಲಿ ಗೌಡ್ರ? ಇದನ್ನೋ, ಅದನ್ನೋ?” ಕಾಕಾ ಹೆಬ್ಬಾಗಿಲ ಕಡೆ ಕೈ ಮಾಡಿದರು. ಧ್ವನಿಯಲ್ಲಿ ಸವಾಲು ಇರಲಿಲ್ಲ. ಕೆಲಸದವನು ಯಜಮಾನನನ್ನು ಕೇಳುವಂತೆಯೇ ಕೇಳಿದರು. “ಎರಡೂ ನೀವ ಬರಿ ಅಂದಿದ್ದು. ಎರಡೂ ನನ್ನ ಕೈ ಅಕ್ಷರ. ಮಂದಿ ನನ್ನ ಕೇಳತಾರ್ರಿ.”

ಗೌಡರ ಮುಖ ಕಪ್ಪಿಟ್ಟಿತು. ಆಗ ಬಾಗಿಲ ಮರೆಯಿಂದ ತಲೆ ಮೇಲೆ ಸೆರಗು ಹೊದ್ದ ಹೆಣ್ಣುಮಗಳೊಬ್ಬಳು ಹೊಸ್ತಿಲಿಗೆ ಬಂದಳು. ರೇಣುಕಾಳ ತಾಯಿ. ಹೊರಗಿನವರೆದುರು ಅವಳು ಮಾತಾಡಿದ್ದನ್ನು ಆ ಊರವರು ಯಾರೂ ಕೇಳಿರಲಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು.

“ಮಾವಾರ, ಲಗ್ನದ್ದು ಅಳಸಸ್ರಿ. ಹುಡುಗಿ ಓದ್ಲಿ.”

ಅಷ್ಟೇ ಹೇಳಿದಳು. ಒಳಗೆ ಹೋಗಲಿಲ್ಲ, ಅಲ್ಲೇ ನಿಂತಳು. ಗೌಡರು ಸೊಸೆಯ ಕಡೆ ನೋಡಲಿಲ್ಲ. ನಿಂತಿದ್ದ ಜನರ ಕಡೆಯೂ ನೋಡಲಿಲ್ಲ. ಕಟ್ಟೆಗೆ ಬಂದು, ನನ್ನಿಂದ ಒಂದು ಮಾರು ದೂರದಲ್ಲಿ ಕುಳಿತು, ಪಂಚೆಯಿಂದ ಮುಖ ಒರೆಸಿಕೊಂಡರು.

“ಸುಣ್ಣ ತಂದಿಯೇನು?”

“ತಂದೀನ್ರಿ.”

“ಹಚ್ಚು.”

ಕಾಕಾ ಸುಣ್ಣ ಕಲೆಸುವಾಗ ರೇಣುಕಾ ಹೊರಗೆ ಬಂದು, ಇನ್ನೊಂದು ಬ್ರಶ್ ಐತೇನ್ರಿ ಎಂದು ಕೇಳಿದಳು. ಅಗಲ ಬ್ರಶ್ಶು ಕೊಟ್ಟರು. ಅವಳು ಮೊದಲು ಅಳಿಸಿದ್ದು ಬಿ.ಎ.ಯನ್ನು. ಜನರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮರುದಿನ ಅಧಿಕಾರಿ ಬಂದಾಗ ಗೌಡರೇ ಮುಂದೆ ನಿಂತು, ಹದಿನೆಂಟು ತುಂಬುವವರೆಗೆ ಮದುವೆ ಇಲ್ಲ ಎಂದು ಬರೆದುಕೊಟ್ಟರು. ಬೀಗರ ಕಡೆಯವರ ಮಾತನ್ನೂ ಅವರೇ ತಡೆದುಕೊಂಡರು. ಆ ಊರಿನಿಂದ ಕಾಕಾನಿಗೆ ಕೆಲಸ ನಿಂತಿತು. ಸುತ್ತಲ ನಾಲ್ಕೈದು ಊರುಗಳಿಂದಲೂ ಒಂದು ಮದುವೆ ಕಾಲ ಪೂರ್ತಿ ಯಾರೂ ಕರೆಯಲಿಲ್ಲ. “ಲಗ್ನದ ಗ್ವಾಡಿಗೆ ಇವನ್ನ ಕರದ್ರ ಏನು ಬರದಾನೋ ಅಂತ ಹೆದರ್ಯಾರ” ಎಂದು ಅವರು ಹೇಳುವಾಗ ನನಗೆ ಕೆಡುಕೆನಿಸಿತು. ಅವರಿಗೆ ಅನಿಸಿದಂತೆ ಕಾಣಲಿಲ್ಲ. ಮನೆಯ ಹಿಂದಿನ ತುಂಡು ಜಾಗದಲ್ಲಿ ಮೆಂತ್ಯೆ, ಬದನೆ ಹಾಕಿದ್ದರು. ಎರಡು ವರ್ಷದ ಮೇಲೆ, ಕಾಕಾನ ಕಣ್ಣು ಮಸುಕಾಗತೊಡಗಿದಾಗ, ಮಸ್ಕಿ ಸಂತೆಯಲ್ಲಿ ಗೌಡರು ಎದುರಾಗಿ, “ಕಣ್ಣು ಹೆಂಗದಾವಪಾ ಈಗ?” ಎಂದು ಕೇಳಿದರಂತೆ. “ಅಷ್ಟು ಕೇಳಿದ್ರಲ್ರಿ” ಎಂದು ಕಾಕಾ ಆ ಸುದ್ದಿಯನ್ನು ನನಗೆ ಎರಡು ಸಲ ಹೇಳಿದರು.

ನಾನು ಪುಸ್ತಕದ ಕೊನೆಯನ್ನು ಹರಿದು ಮತ್ತೆ ಬರೆದೆ. ಈಗ ಜೀಪನ್ನು ಕರೆಯುವವಳು ನನ್ನ ಕಥಾನಾಯಕಿಯೇ. ಜೀಪು ಹೋದ ಮೇಲೂ ಇನ್ನೊಂದು ಅಧ್ಯಾಯವಿದೆ. ಮರುದಿನ ಬೆಳಿಗ್ಗೆ ಅವಳು ಅದೇ ಬೀದಿಯಲ್ಲಿ ಶಾಲೆಗೆ ನಡೆದು ಹೋಗಬೇಕು. ಬರೆಯಲು ಅದೇ ಎಲ್ಲಕ್ಕಿಂತ ಕಷ್ಟವಾದ ಅಧ್ಯಾಯ.

ಮುಖಪುಟ ಕೊನೆಗೂ ಬಂತು. ಕಪ್ಪು ಇಲ್ಲ, ಚಂದ್ರ ಇಲ್ಲ, ಬುರುಡೆ ಇಲ್ಲ. ಸುಡುಬಿಸಿಲಿನ ಒಂದು ಬಿಳಿ ಬೀದಿ, ಎರಡೂ ಕಡೆ ಬಿಳಿ ಮನೆಗಳು, ಚೆಂಡುಹೂವು. ಪ್ರೆಸ್ಸಿನವರು ತಲೆ ಕೆರೆದುಕೊಂಡರು: “ಥ್ರಿಲ್ಲರ್ ಅಂದ್ರಿ, ಇದು ಸುಣ್ಣದ ಜಾಹೀರಾತು ಕಂಡಂಗ ಐತಲ್ರಿ ಮೇಡಮ್.” ಕಾಕಾ ಒಪ್ಪಲಿಲ್ಲ. “ಕತ್ತಲಾಗ ಹೆದರಿಕಿ ಇದ್ರ ದೀಪಾ ಹಚ್ಚಬಹುದ್ರಿ. ಹಾಡಹಗಲಾಗ ಇದ್ರ ಏನು ಹಚ್ಚತೀರಿ?” ಎಂದರು. ನಾನು ಅದನ್ನು ತರಗತಿಯಲ್ಲಿ ತೋರಿಸಿದಾಗ ಮಕ್ಕಳು ಬೆಂಚಿನಿಂದ ಮುಂದೆ ಬಾಗಿ ನೋಡಿದರು. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು: “ಟೀಚರ್, ಎಲ್ಲಾ ಬಾಗಲಾ ತಗದಾವು. ಮನಷ್ಯಾರ ಒಬ್ರೂ ಇಲ್ಲ.” ಪುಸ್ತಕ ಆ ವಾರ ನಮ್ಮ ಶಾಲೆಯಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಬಂತು.

ಆಮೇಲಿನ ನನ್ನ ಎರಡು ಪುಸ್ತಕಗಳಿಗೂ ಅವರೇ ಚಿತ್ರ ಬರೆದರು. ಮೂರನೆಯದು ಮುಗಿಯುವ ಹೊತ್ತಿಗೆ ಕಣ್ಣು ಪೂರ್ತಿ ಮಸುಕಾಗಿ, ಕೈ ನಡುಗಲು ಶುರುವಾಗಿ, ಅಂಗಡಿ ಮುಚ್ಚಿದರು. ಬೇಸರವಾಗಿದೆಯೇ ಎಂದು ಕೇಳಿದೆ. “ಎಷ್ಟು ಬರಿಯೋದ್ರಿ? ಇನ್ನ ಕೇಳೋದು” ಎಂದರು.

ಓದಿ ಕೇಳಿಸುತ್ತಿದ್ದವಳು ರೇಣುಕಾ. ಸಿಂಧನೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ತಿಂಗಳಿಗೆ ಎರಡು ಭಾನುವಾರ ಮಸ್ಕಿಯಲ್ಲಿ ಇಳಿದು, ಕಾಕಾನ ಮನೆಗೆ ಬಂದು, ಏನಾದರೂ ಓದಿ ಹೇಳಿ ಮುಂದಿನ ಬಸ್ಸಿಗೆ ಹೋಗುತ್ತಿದ್ದಳು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅಂಥದೊಂದು ಭಾನುವಾರ. ಅಂಗಳದ ಪೇರಲ ಗಿಡದ ಕೆಳಗೆ ಹೊರಸು ಹಾಕಿಕೊಂಡು ಕಾಕಾ ಒರಗಿದ್ದರು. ರೇಣುಕಾ ಕೆಳಗೆ ಚಾಪೆ ಮೇಲೆ ಕುಳಿತು ನನ್ನ ನಾಲ್ಕನೆಯ ಹಸ್ತಪ್ರತಿ ಓದುತ್ತಿದ್ದಳು. ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ಭಯದ ಅಧ್ಯಾಯ ಅದು. ಅದಕ್ಕಾಗಿ ನಾನು ಎರಡು ತಿಂಗಳು ಒದ್ದಾಡಿದ್ದೆ. ಕಾಕಾ ಏನೆನ್ನುತ್ತಾರೋ ಎಂದು ಬಾಗಿಲ ಬಳಿಯೇ ನಿಂತು ಅವರ ಮುಖ ನೋಡುತ್ತಿದ್ದೆ.

ಕಾಕಾ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಎದೆ ಮೇಲೆ ಅರ್ಧ ತಿಂದ ಪೇರಲ ಹಣ್ಣು. ಹಗುರವಾಗಿ ಗೊರಕೆ ಹೊಡೆಯುತ್ತಿದ್ದರು.

ರೇಣುಕಾ ನನ್ನನ್ನು ನೋಡಿ ನಕ್ಕಳು, ಆದರೆ ಓದು ನಿಲ್ಲಿಸಲಿಲ್ಲ. ನಾನು ಕೈಸನ್ನೆ ಮಾಡಿ ಸಾಕು ಎಂದೆ. ಅವಳು ತಲೆ ಅಲ್ಲಾಡಿಸಿ, ಪುಟ ತಿರುಗಿಸುತ್ತ ಪಿಸುಮಾತಿನಲ್ಲಿ, “ನಿಲ್ಲಸಿದ್ರ ಎಚ್ಚರ ಆಕ್ಕಾರ್ರಿ ಅಕ್ಕಾ” ಎಂದಳು. ನಾನು ಚಪ್ಪಲಿ ಬಿಟ್ಟು ಚಾಪೆಯ ಇನ್ನೊಂದು ತುದಿಗೆ ಕುಳಿತೆ. ಅವಳು ಧ್ವನಿ ತಗ್ಗಿಸಿ ಮುಂದಿನದನ್ನು ಓದಿದಳು.